ಅವ್ವನ ಹುಕ್ಕೇರಿ ಸಕ್ಕರೆ

ಅವ್ವ ವರ್ಷಕ್ಕೆ ಒಂದೆರಡು ಸಲ ಕೊಣ್ಣೂರಿನಲ್ಲಿ ಬಸ್ಸು ಹತ್ತಿ ಒಬ್ಬಳೇ ಹುಕ್ಕೇರಿಗೆ ಹೋಗುತ್ತಿದ್ದಳು. ಅಲ್ಲಿನ ದರ್ಗಾದಲ್ಲಿ ಸಕ್ಕರೆ ಓದಿಸಿಕೊಂಡು ಸಂಜೆಗೆ ತಿರುಗಿ ಬರುತ್ತಿದ್ದಳು. ಓದಿಸುವುದೆಂದರೆ ಸಕ್ಕರೆಯನ್ನು ಅಲ್ಲಿನ ಬಾಬಾನ ಗೋರಿಯ ಮುಂದಿಡುವುದು, ದರ್ಗಾ ನೋಡಿಕೊಳ್ಳುವ ಮುಜಾವರರು ಅದರ ಮೇಲೆ ಪ್ರಾರ್ಥನೆ ಹೇಳುವುದು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಅವ್ವ ಇದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಏಕೆಂದು ಹೇಳಲೂ ಇಲ್ಲ. ಆ ಸಕ್ಕರೆ ಮಾತ್ರ ಮನೆಯ ಚಹಾಕ್ಕೆ ಬೀಳುತ್ತಿರಲಿಲ್ಲ. ಎಲ್ಲರ ಅಂಗೈಗೂ ಒಂದೊಂದು ಚಿಟಿಕೆ ಬರುತ್ತಿತ್ತು.

ಅವ್ವ ತೀರಿಕೊಂಡ ಮೇಲೆ ಅವಳ ತಂಗಿ, ನನ್ನ ಚಿಗವ್ವ, ಇದನ್ನೇ ಹಿಡಿದು ಕೂತಳು. "ಹರಕಿ ಬಾಕಿ ಇಟ್ಟು ಹೋಗ್ಯಾಳೋ ಏನೋ. ಮುಟ್ಟಸಲಿಲ್ಲಂದ್ರ ಆಕಿ ಜೀವಕ್ಕ ಸಮಾಧಾನ ಆಗಂಗಿಲ್ಲ. ಹೋಗಿ ಕೇಳ್ಕೊಂಡ ಬಾ."

ನನಗೆ ಹರಕೆಯಲ್ಲಿ ಅಷ್ಟು ನಂಬಿಕೆಯಿಲ್ಲ. ಆದರೆ ಅವ್ವ ಇಷ್ಟು ವರ್ಷ ಏನು ಬೇಡಿದಳು? ಅದು ತಿಳಿಯದೆ ಇರಲಾಗಲಿಲ್ಲ. ಅವಳ ಬಗ್ಗೆ ಹೊಸದಾಗಿ ತಿಳಿಯುವಂಥದ್ದು ಇನ್ನೂ ಒಂದು ಉಳಿದಿತ್ತು.

ಹುಕ್ಕೇರಿಯ ಹಳೆಯ ಗುಮ್ಮಟಗಳನ್ನು ದಾಟಿ, ದಾರಿಯಲ್ಲಿ ಸಕ್ಕರೆ, ಊದುಬತ್ತಿ ಕೊಂಡು, ತಲೆಗೆ ಕರವಸ್ತ್ರ ಕಟ್ಟಿಕೊಂಡು ದರ್ಗಾದ ಅಂಗಳಕ್ಕೆ ಹೋದೆ. ಗೋರಿಗಿಂತ ಮೊದಲು ನನ್ನ ಕಣ್ಣು ಹೊರಗಿನ ಕಟ್ಟೆಯ ಮೇಲೆ ಹೋಯಿತು. ಹೆಂಗಸರು ಅಲ್ಲಿಂದಲೇ ಬೇಡಿಕೊಳ್ಳುತ್ತಾರೆ. ಅವ್ವ ಎಲ್ಲಿ ಕೂರುತ್ತಿದ್ದಳು? ಕಂಬಕ್ಕೆ ಒರಗಿಯೋ, ಬೇವಿನ ನೆರಳಿಗೋ?

ಮುಜಾವರರ ಮುದಿ ತಾಯಿ ಅಲ್ಲಿ ಹೂ ಕಟ್ಟುತ್ತಿದ್ದರು. "ಯಾರ ಪೈಕಿ, ತಮ್ಮಾ?" ಎಂದರು.

"ಕೊಣ್ಣೂರಿಂದ ಒಬ್ಬಾಕಿ ಬರ್ತಿದ್ಲಲ್ರಿ, ಹಣಿಗೆ ಈಬತ್ತಿ ಹಚ್ಕೊಂಡು. ಆಕಿ ಮಗಾರಿ."

"ಶೇಂಗಾ ಹೋಳಿಗಿ ತರಾಕಿ? ಈ ಸಲ ಯಾಕ ಬಂದಿಲ್ಲ? ಆ ಹೋಳಿಗಿ ಸಂಬಂಧ ಇದ್ದ ನಾಕ ಹಲ್ಲ ಜ್ವಾಕಿ ಮಾಡೇನಿ!"

"ತೀರ್ಕೊಂಡ್ಲ್ರಿ, ಯವ್ವಾ."

ಹೂವಿನ ದಾರ ಅವರ ಬೆರಳಲ್ಲೇ ನಿಂತಿತು. ಬಾಜೂ ಕೂಡ್ರಿಸಿಕೊಂಡರು. ನಾನು ಹರಕೆಯ ವಿಷಯ ಕೇಳಿದೆ.

"ಅದು ಯಾವಾಗೋ ಮುಟ್ಟೈತಿ," ಎಂದರು. "ನೀ ಸಣ್ಣಾವಿದ್ದಾಗ ಮಾತಾಡವಲ್ಲಿ ಅಂತ ಬಗಲಾಗ ಹೊತ್ಕೊಂಡ ಬಂದಿದ್ಲು. ಓದಿಸಿದ ಸಕ್ರಿ ನಾಲಿಗಿಗೆ ಹಚ್ಚಿ ಹಚ್ಚಿ ಮಾತ ಬಂತು. ಈಗ ನೀ ತೂಗಿ ತೂಗಿ ಮಾತಾಡೂದ ನೋಡಿದ್ರ ಸಕ್ರಿ ಕಮ್ಮಿ ಬಿದ್ದಂಗ ಕಾಣ್ತೈತಿ!"

ಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ನಕ್ಕರು. ಅವ್ವ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು. ನಾನು ತಡವಾಗಿ ಮಾತು ಕಲಿತವನೆಂದು ಮನೆಯಲ್ಲಿ ಯಾರೂ ಹೇಳಿರಲಿಲ್ಲ.

"ಮತ್ತ ಆಮ್ಯಾಲ ಯಾಕ ಬರ್ತಿದ್ಲ್ರಿ? ಏನ್ ಬೇಡ್ತಿದ್ಲು?"

"ಬೇಡೂದೇನ? ಏನೂ ಇಲ್ಲ. ನೀ ಆಡಿದ ಮಾತ ಹೇಳಾಕ ಬರಾಕಿ. 'ನನ್ನ ಮಗ ಹಿಂಗಂದ, ಹಂಗಂದ' ಅಂತ. ಒಳಗಿನ ಬಾಬಾಗ ಒಂದ್ಸಲ, ನನಗ ಒಂದ್ಸಲ. ಕೇಳಿ ಕೇಳಿ ಸಾಕಾಗಿತ್ತ ನೋಡ ನನಗ."

ಚಿಗವ್ವನಿಗೆ ಹೇಳಲು ಉತ್ತರ ಸಿಕ್ಕಿತು: ಬಾಕಿ ಏನೂ ಇಲ್ಲ. ಆದರೂ ತಂದ ಸಕ್ಕರೆಯನ್ನು ಒಳಗೆ ಒಯ್ದೆ. ಮುಜಾವರರು ಪೊಟ್ಟಣ ಬಿಚ್ಚಿ, "ಯಾರ ಹೆಸರಲೆ ಓದೂದ್ರಿ?" ಎಂದರು.

"ಅವ್ವಂದ್ರಿ."

"ಹೆಸರ ಬೇಕಲ್ರಿ."

ಅವ್ವನನ್ನು ಅವ್ವ ಎಂದೇ ಕರೆದವನು ನಾನು. ಅವಳ ಹೆಸರನ್ನು ಗಟ್ಟಿಯಾಗಿ ಹೇಳಿದ್ದು ನೆನಪಿಲ್ಲ. ಹೇಳಿದೆ. ಮುಜಾವರರು ಕಣ್ಣು ಮುಚ್ಚಿ ಓದತೊಡಗಿದರು. ಅರ್ಥವಾಗದ ಆ ಮಾತುಗಳ ನಡುವೆ ಒಂದು ಕಡೆ ಅವಳ ಹೆಸರು ಬಂತು. ಅದೊಂದು ನನಗೆ ತಿಳಿಯಿತು.