ವಿಮೆಯ ವಂತಿಗೆ ನಿಲ್ಲಿಸಿದ ವರ್ಷ

ಮೊರಬದ ನಮ್ಮ ಹೈಸ್ಕೂಲಿನಲ್ಲಿ ಫೆಬ್ರುವರಿ ಬಂತೆಂದರೆ ಸ್ಟಾಫ್ ರೂಮಿನೊಳಗೆ ಆದಾಯ ತೆರಿಗೆಯದೇ ಮಾತು. ಎಲ್ಲರ ಲೆಕ್ಕವನ್ನೂ ಗಣಿತದ ಮಾಸ್ತರರು ಮಾಡುವುದು, ಉಳಿದವರು ಅವರಿಗೆ ತಿನ್ನಲು ಗಿರಮಿಟ್ ತರಿಸುವುದು ರೂಢಿ. ಅವರು ತೋರಿಸಿದಲ್ಲಿ ನಾವು ಸಹಿ ಹಾಕುತ್ತಿದ್ದೆವು.

ಆ ವರ್ಷ ಅವರು, ‘ಹೊಸ ಪದ್ಧತಿಗೆ ಹೋಗೂಣು, ತೆರಿಗಿ ಕಡಿಮಿ ಬೀಳತೈತಿ’ ಎಂದರು. ಆದರೆ ಅದರಲ್ಲಿ ಪಗಾರದಿಂದ ಮುರಿಯುವ ಆರೋಗ್ಯ ವಿಮೆಯ ವಂತಿಗೆಗೆ ವಿನಾಯಿತಿ ಇರಲಿಲ್ಲ.

‘ಹಂಗಾರ ವಿಮಾ ಯಾಕ್ರಿ? ಬಂದ್ ಮಾಡ್ರಿ,’ ಎಂದರು ಚಿತ್ರಕಲೆಯ ಮಾಸ್ತರರು. ‘ಇಷ್ಟ ವರ್ಷ ತುಂಬೀನಿ, ಒಮ್ಮೆ ನೆಗಡೀನೂ ಬಂದಿಲ್ಲ.’

‘ನಿನ್ನ ಹತ್ರ ಬರಾಕ ರೋಗಾನ ಅಂಜತಾವು ಬಿಡಲೇ!’ ಎಂದು ಗಣಿತದ ಮಾಸ್ತರರು ನಕ್ಕರು.

ಅವರ ವಂತಿಗೆಯ ಜೊತೆಗೆ ತಮ್ಮದನ್ನೂ ನಿಲ್ಲಿಸಿದರು. ವಿಮೆಯನ್ನು ನಾವೆಲ್ಲ ‘ಟ್ಯಾಕ್ಸಿನ ಪಾಲಿಸಿ’ ಎಂದೇ ಕರೆಯುತ್ತಿದ್ದೆವು. ತೆರಿಗೆ ಉಳಿಸಲೆಂದೇ ಅದು ಇದೆ ಎಂದು ನಂಬಿದ್ದೆವು. ನನ್ನದು ಮುಂದುವರಿಯಿತು. ನಿಲ್ಲಿಸಲು ಅರ್ಜಿ ಬರೆಯುವ ಬೇಸರ, ಅಷ್ಟೇ.

ಮಳೆಗಾಲದ ಒಂದು ಸಂಜೆ ಚಿತ್ರಕಲೆಯ ಮಾಸ್ತರರ ಬೈಕಿನ ಹಿಂದೆ ಕುಳಿತು ಶಲವಡಿ ಕಡೆ ಹೊರಟಿದ್ದೆ. ಎರೆಮಣ್ಣು ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುಂಬಿ ಗಾಡಿ ನಿಂತಿತು. ಮಣ್ಣು ಕೆತ್ತಲು ಕಟ್ಟಿಗೆ ಹುಡುಕುತ್ತ ನಾನು ಬದುವಿನ ಕಡೆ ಹೋದೆ. ಅವರು ಕುಕ್ಕರಗಾಲಿನಲ್ಲಿ ಕುಳಿತು ಕೈಯಿಂದಲೇ ಕೆತ್ತುತ್ತಿದ್ದರು. ಎದುರಿನಿಂದ ಒಂದು ಟ್ರ್ಯಾಕ್ಟರ್ ನಿಧಾನವಾಗಿಯೇ ಬಂತು. ಜಾರಿದ್ದೂ ನಿಧಾನವಾಗಿಯೇ. ನಾನು ಕೂಗಿದೆನೋ ಇಲ್ಲವೋ, ಈಗಲೂ ಖಚಿತವಿಲ್ಲ. ಹಿಂದೆ ಕಟ್ಟಿದ್ದ ಟ್ರೇಲರಿನ ಗಾಲಿ ಅವರ ಮೊಣಕಾಲಿನ ಮೇಲೆ ಹತ್ತಿ ಇಳಿಯಿತು.

ಓಡಿ ಬಂದು ಅವರ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಅವರು ಅಳಲಿಲ್ಲ. ‘ಸರ, ವಿಮಾ ಬಂದ್ ಮಾಡೀನಲ್ರಿ,’ ಎಂದರು.

ಹುಬ್ಬಳ್ಳಿಯಲ್ಲಿ ಎರಡು ಆಪರೇಷನ್ ಆದವು. ಶಾಲೆಯಲ್ಲಿ ನಾವು ಪಟ್ಟಿ ಎತ್ತಿ ಆಸ್ಪತ್ರೆಯ ಖರ್ಚಿಗೆ ಹಣ ಕೂಡಿಸಿದೆವು. ಬಿಸಿಯೂಟದ ಅಡಿಗೆಯವಳೂ ಕೊಟ್ಟಳು. ಹಾಗೆ ಕೊಟ್ಟದ್ದಕ್ಕೆ ತೆರಿಗೆ ವಿನಾಯಿತಿ ಉಂಟೇ ಎಂದು ಯಾರೂ ಕೇಳಲಿಲ್ಲ. ಅದು ಸಾಲದೆ ಅವರ ಹೆಂಡತಿ ಮನೆ ಕಟ್ಟಲೆಂದು ಇಟ್ಟಿದ್ದ ಜಾಗ ಮಾರಿದರು. ಕಾಲು ಉಳಿಯಿತು, ಮಡಚುವುದಿಲ್ಲ.

ವಂತಿಗೆಗೆ ತೆರಿಗೆ ಬಿಡಬೇಕು ಎಂದೇ ನನಗೆ ಅನ್ನಿಸುತ್ತದೆ. ನನ್ನ ಕೈಗೆ ಬಾರದೆ, ಯಾರದೋ ಮುರಿದ ಕಾಲಿಗೆಂದು ಹೋಗುವ ಹಣ ನನ್ನ ಆದಾಯ ಹೇಗಾದೀತು? ಆದರೆ ತೆರಿಗೆಯೂ ಇಲ್ಲದ, ವಿಮೆಯೂ ಇಲ್ಲದ ಆ ಅಡಿಗೆಯವಳಿಗೆ ಇದರಿಂದ ಏನು ಸಿಕ್ಕೀತು?

ಮರು ಫೆಬ್ರುವರಿಯಲ್ಲಿ ಚಿತ್ರಕಲೆಯ ಮಾಸ್ತರರು ಕೋಲೂರುತ್ತ ಬಂದು, ಕಾಲು ಚಾಚಿ ಕುಳಿತರು. ‘ನನ್ನ ವಂತಿಗಿ ಪಗಾರದಾಗ ಮತ್ತ ಹಿಡೀರಿ.’

‘ಟ್ಯಾಕ್ಸಿನ್ಯಾಗ ಬಿಡಂಗಿಲ್ಲೋ ತಮ್ಮಾ,’ ಎಂದರು ಗಣಿತದ ಮಾಸ್ತರರು, ತಲೆ ಎತ್ತದೆ.

‘ಗೊತ್ತೈತ್ರಿ. ಹಿಡೀರಿ.’

ಗಣಿತದ ಮಾಸ್ತರರು ಅವರ ಹೆಸರು ಬರೆದುಕೊಂಡರು. ಕೆಳಗೆ ತಮ್ಮದನ್ನೂ ಬರೆದರು. ಅಂದು ಗಿರಮಿಟ್ ತರಿಸುವುದು ಯಾರಿಗೂ ನೆನಪಾಗಲಿಲ್ಲ.