ಅಟ್ಟದಕ್ಕನ ನಾಲ್ಕು ಡಬ್ಬಿ

ಬೆಳಗಿನ ಜಾವ ಐದು ಗಂಟೆ. ಬಸ್ ಡಿಪೋದ ಎರಡನೇ ಮಹಡಿಯ ಕಿಟಕಿಯಿಂದ ಕೆಳಗೆ ನೋಡಿದರೆ ಬಸ್ಸುಗಳೇ ಕಾಣುತ್ತಿಲ್ಲ, ಅಷ್ಟು ದಟ್ಟ ಮಂಜು. ಮಾನಿಟರ್ ಮುಂದೆ ಕೂತ ಮಹಿಳೆ ಸ್ವೆಟರಿನ ತೋಳು ಮಡಚಿಕೊಳ್ಳುತ್ತಾರೆ. ಐದೂ ನಲವತ್ತಕ್ಕೆ ಚಾಲಕರ ಕೈಗೆ, ಯಾರು ಯಾವ ಮಾರ್ಗಕ್ಕೆ ಎಂಬ ದಿನದ ಚೀಟಿ ಹೋಗಬೇಕು. ಅಷ್ಟರೊಳಗೆ, ಇಂಥ ಮಂಜಿನಲ್ಲಿ ಯಾವ ಮಾರ್ಗಕ್ಕೆ ಹೆಚ್ಚು ಬಸ್ಸು ಬೇಕೆಂದು ಇವರ ಡೇಟಾಬೇಸ್ ಹೇಳಬೇಕು.

ಇಡೀ ನಗರದ ಬಸ್ಸುಗಳಲ್ಲಿ ದಿನಕ್ಕೆ ಹನ್ನೊಂದು ಲಕ್ಷ ಟಿಕೆಟ್‌, ಹಾಗೆ ಎಂಟು ವರ್ಷದ ದಾಖಲೆ. ಇದರಲ್ಲಿ ಇವರ ಕೆಲಸವೇನೆಂದು ಕೇಳಿದರೆ ಡಿಪೋದವರೆಲ್ಲ ತಲೆ ಕೆರೆದುಕೊಳ್ಳುತ್ತಾರೆ. ಇವರ ಬಗ್ಗೆ ಬರೆಯಲು ಬಂದ ನಾನೂ ಕೆರೆದುಕೊಂಡೆ. ಕೊನೆಗೆ ಅವರೇ ಬಿಡಿಸಿ ಹೇಳಿದರು.

"ಮೆಮೊರಿ ಅಂದ್ರೆ ಅಡುಗೆಮನೆ ಕಟ್ಟೆ. ತಕ್ಷಣ ಕೈಗೆ ಸಿಗುತ್ತೆ, ಆದ್ರೆ ಇರೋದೇ ಇಷ್ಟಗಲ. ಡಿಸ್ಕ್ ಅಂದ್ರೆ ಅಟ್ಟ. ಎಷ್ಟು ಬೇಕಾದ್ರೂ ತುಂಬಿ, ಬೇಕಾದಾಗ ಏಣಿ ಹಾಕ್ಬೇಕು. ಯಾವುದು ಎಲ್ಲಿರಬೇಕು ಅಂತ ನೋಡ್ಕೊಳ್ಳೋದು ನಾನು."

ಇದನ್ನು ಕೇಳಿದ ದಿನವೇ ಡಿಪೋ ಮ್ಯಾನೇಜರು 'ಅಟ್ಟದಕ್ಕ' ಎಂದು ಹೆಸರಿಟ್ಟುಬಿಟ್ಟರಂತೆ. ಹದಿನಾಲ್ಕು ವರ್ಷದ ಕೆಲಸಕ್ಕೆ ಒಂದು ಮೆಚ್ಚುಗೆಯ ಮಾತೂ ಬಂದಿಲ್ಲವೇ ಎಂದು ಕೆದಕಿದರೆ ನಗುತ್ತಾರೆ. "ಹೊಗಳಿ ನನ್ನ ಅಟ್ಟಕ್ಕೇರಿಸ್ಬೇಡಿ ಸಾರ್, ಅಲ್ಲಿ ಈಗ್ಲೇ ಜಾಗ ಇಲ್ಲ."

ನಗುವ ಇವರ ಮುಖ ಒಂದು ವಿಷಯಕ್ಕೆ ಮಾತ್ರ ಬಾಡುತ್ತದೆ. ಮೆಮೊರಿಯಲ್ಲಿ ಹಿಡಿಸುವುದು ಹೆಚ್ಚೆಂದರೆ ಮೂರು ತಿಂಗಳ ದಾಖಲೆ. ಹಾಗಾಗಿ ಹೋದ ವರ್ಷದವರೆಗೆ ಮೂರು ತಿಂಗಳಿಗಿಂತ ಹಳೆಯದನ್ನೆಲ್ಲ ಕಣ್ಣುಮುಚ್ಚಿ ಡಿಸ್ಕಿಗೆ ಸಾಗಿಸುತ್ತಿದ್ದರು. ಹೋದ ವರ್ಷ ಮೊದಲ ಮಂಜು ಬಿದ್ದ ಬೆಳಿಗ್ಗೆ ಮ್ಯಾನೇಜರು ಕೇಳಿದ್ದು ಹಿಂದಿನ ಚಳಿಗಾಲಗಳ ಲೆಕ್ಕ! ಉತ್ತರಕ್ಕೆ ಇಪ್ಪತ್ತಾರು ನಿಮಿಷ ಹಿಡಿಯಿತು. ಬಸ್ಸುಗಳು ಎಂದಿನ ಚೀಟಿ ಹಿಡಿದು ಹೊರಟಾಗಿತ್ತು. ಮಂಜಿದ್ದರೆ ಸ್ಕೂಟರಿನವರೂ ಬಸ್ಸಿಗೇ ಬರುತ್ತಾರೆ. ಆಸ್ಪತ್ರೆ ಮಾರ್ಗದ ಬಸ್ಸುಗಳು ತುಂಬಿ, ಸ್ಟಾಪಿನಲ್ಲಿ ನಿಲ್ಲದೆ ಹೋದವು. ನಿಂತು ಕಾದವರಲ್ಲಿ ಇವರ ತಾಯಿಯೂ ಇದ್ದರು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವವರು. ಅಂದು ಅವರ ಪಾಳಿ ತಪ್ಪಿತು.

"ಅಮ್ಮ ಬೈದಿದ್ರೆ ಸಮಾಧಾನ ಆಗ್ತಿತ್ತು. 'ಮಂಜಿಗೆ ಯಾರೇನ್ಮಾಡೋಕಾಗುತ್ತೆ' ಅಂದ್ಬಿಟ್ರು."

ಅಂದಿನಿಂದ ಇವರು ದಾಖಲೆಯ ವಯಸ್ಸು ನೋಡುವುದಿಲ್ಲ, ಕೇಳುವವರ ಅಭ್ಯಾಸ ನೋಡುತ್ತಾರೆ. ಒಂದು ಟಿಕೆಟ್‌ಗೆ ನಲವತ್ತು ಕಾಲಂ ಮಾಹಿತಿ ಇರುತ್ತದೆ. ಮಂಜಿನ ಪ್ರಶ್ನೆಗೆ ಬೇಕಾದದ್ದು ದಿನ, ಗಂಟೆ, ಮಾರ್ಗ, ಸ್ಟಾಪು ಅಷ್ಟೇ. ಡೇಟಾಬೇಸ್ ಒಂದೊಂದು ಕಾಲಂ ಅನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದರಿಂದ ಅಷ್ಟನ್ನೇ ಇಳಿಸಿಕೊಳ್ಳಬಹುದು. "ನಾಲ್ಕು ಡಬ್ಬಿ ಬೇಕು ಅಂದ್ರೆ ಅಟ್ಟನೆಲ್ಲಾ ಯಾಕೆ ಇಳಿಸ್ಬೇಕು?" ನಿನ್ನೆ ಸಂಜೆ ಹವಾಮಾನ ವರದಿ ನೋಡಿದವರೇ ಎಂಟು ಚಳಿಗಾಲಗಳ ಆ ನಾಲ್ಕು ಕಾಲಂಗಳನ್ನು ಮೆಮೊರಿಗೆ ತಂದಿದ್ದಾರೆ. ಜಾಗಕ್ಕಾಗಿ ಮೇಲಧಿಕಾರಿಗಳ ತಿಂಗಳ ವರದಿಯ ಅಂಕಿಅಂಶ ಡಿಸ್ಕಿಗೆ ಹೋಗಿದೆ. ಅವರು ಮುಖ ಊದಿಸಿಕೊಳ್ಳುವುದು ಗ್ಯಾರಂಟಿ. "ಊದಿಸ್ಕೊಳ್ಲಿ, ಅವರು ಕಾರಲ್ಲಿ ಬರ್ತಾರೆ."

ಐದೂ ಇಪ್ಪತ್ತಕ್ಕೆ ಮ್ಯಾನೇಜರ ಫೋನು. "ಅಟ್ಟದಕ್ಕ, ಮಂಜು ನೋಡಿದ್ರಾ?"

"ನೋಡ್ದೆ ಸಾರ್, ಕೇಳಿ."

ಅವರು ಕೀಲಿ ಒತ್ತುತ್ತಾರೆ. ಆರು ಸೆಕೆಂಡು. ಆಸ್ಪತ್ರೆ ಮಾರ್ಗಕ್ಕೆ ಮೂರು ಬಸ್ಸು ಹೆಚ್ಚು, ಮಾರುಕಟ್ಟೆಗೆ ಒಂದು. ಕೆಳಗೆ ಚೀಟಿ ಬದಲಾಗುತ್ತದೆ, ಇಂಜಿನ್ನುಗಳು ಗುಡುಗುತ್ತವೆ. ನಿಜ ಹೇಳುತ್ತೇನೆ, ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಅಲ್ಲಿ ಜೊತೆಗೆ ತಟ್ಟುವವರು ಬೇರೆ ಯಾರೂ ಇರಲಿಲ್ಲ.

ಏಳು ಗಂಟೆಗೆ ತಾಯಿಯ ಫೋನು. ಸ್ಪೀಕರಿನಲ್ಲಿ ಜೋರು ದನಿ: "ಆಸ್ಪತ್ರೆಗೆ ಬಂದೆ ಕಣೇ. ಇವತ್ತು ಒಂದರ ಹಿಂದೆ ಒಂದು ಬಸ್ಸು! ಯಾರೋ ಪುಣ್ಯಾತ್ಮ ತಲೆ ಓಡಿಸಿದ್ದಾನೆ."

ಅಟ್ಟದಕ್ಕ ನನ್ನತ್ತ ನೋಡುತ್ತಾರೆ. ಕಣ್ಣು ತುಂಬಿದೆ, ತುಟಿಯಲ್ಲಿ ತುಂಟ ನಗು.

"ಓಡಿಸಿದ್ದಾನೆ ಅಲ್ಲಮ್ಮ," ಎನ್ನುತ್ತಾರೆ, "ಓಡಿಸಿದ್ದಾಳೆ."