ಹುಣಸೇಕುಂಟೆ ತಿರುವಿನ ಬಾವಿ

ಹುಣಸೇಕುಂಟೆಯ ಅಮ್ಮಯಮ್ಮ ಬದುವಿನ ಮೇಲೆ ನಿಂತು ದನವನ್ನು ಕೂಗಿ ಕರೆದರೆ ಪಕ್ಕದೂರಿನ ದನವೂ ತಲೆಯೆತ್ತುತ್ತದೆ ಎಂದು ಜನ ನಗುತ್ತಿದ್ದರು. ಅಂಥ ದನಿ. ಓದು ಬಾರದ ಹೆಂಗಸು. ಆದರೆ ಮಗಳು ನರಸಮ್ಮ ಊರ ಶಾಲೆಯ ಓದು ಮುಗಿಸಿದಾಗ, ದೊಡ್ಡಬಳ್ಳಾಪುರದ ಮಿಡ್ಲ್ ಸ್ಕೂಲಿಗೆ ಕಳಿಸಲೇಬೇಕೆಂದು ಪಟ್ಟು ಹಿಡಿದವಳು ಅವಳೇ. ಅವಳನ್ನು ನೋಡಿ ಇನ್ನೂ ನಾಲ್ಕಾರು ಮನೆಯವರು ಹೆಣ್ಣುಮಕ್ಕಳನ್ನು ಕಳಿಸಿದರು.

ಅದು ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲಿಗೆ ಬರ. ತೂಬಗೆರೆ ಕಡೆಯಿಂದ ಬರುವ ಬಸ್ಸಿನ ಹಿಂಬದಿಗೆ ಆಳೆತ್ತರದ ಇದ್ದಿಲ ಒಲೆ ಕಟ್ಟಿದ್ದರು. ಅದರಿಂದ ಹುಟ್ಟುವ ಅನಿಲದ ಬಲದಲ್ಲೇ ಬಸ್ಸು ಏದುಸಿರು ಬಿಡುತ್ತ ಓಡಬೇಕು. ಬೆಳಗಿನ ಬಸ್ಸಿನ ತುಂಬ ಮಕ್ಕಳೇ ಇರುತ್ತಿದ್ದರಿಂದ ಜನ ಅದನ್ನು ಸ್ಕೂಲ್ ಬಸ್ಸೆಂದೇ ಕರೆಯುತ್ತಿದ್ದರು.

ಸಂಕ್ರಾಂತಿ ಕಳೆದ ಹೊಸತು. ಬಸ್ಸಿನ ಚಕ್ರ ಹರಿದು ಕಾಳು ಉದುರಲಿ ಎಂದು ಊರವರು ರಸ್ತೆಯ ಮೇಲೆ ಹುರುಳಿ ಬಳ್ಳಿ ಹರಡಿದ್ದರು. ಒಲೆಯಿಂದ ಕೆಂಡವೊಂದು ಉದುರಿತು. ಒಣಗಿದ ಬಳ್ಳಿ ಭಗ್ಗೆಂದಿತು. ಡ್ರೈವರ್ ಪಾಪಯ್ಯ ಬೆಂಕಿಯಿಂದ ಪಾರಾಗಲು ಬಸ್ಸನ್ನು ಮುಂದಕ್ಕೆ ನುಗ್ಗಿಸಿದ. ತಿರುವಿನಲ್ಲಿ ಹಿಡಿತ ತಪ್ಪಿ ಹಿಂದಿನ ಚಕ್ರ ರಸ್ತೆ ಬದಿಯ ಬಾವಿಯ ಅಂಚಿಗೆ ಹೋಗಿ ನಿಂತಿತು. ಕಟ್ಟೆಯಿಲ್ಲದ ಬಾಯ್ತೆರೆದ ಬಾವಿ. ಕಲ್ಲುಗಳು ದುಡುದುಡು ನೀರಿಗೆ ಬಿದ್ದವು. ಪಾಪಯ್ಯ ಆಚೆ ಬದಿಯಿಂದ ಮಕ್ಕಳನ್ನು ಒಬ್ಬೊಬ್ಬರಾಗಿ ಎತ್ತಿ ಇಳಿಸಿದ. ಯಾರಿಗೂ ಒಂದು ಗೀರೂ ಆಗಲಿಲ್ಲ.

ಆದರೆ ಸಂಜೆಯೊಳಗೆ ಊರು ತೀರ್ಮಾನ ಮಾಡಿಬಿಟ್ಟಿತ್ತು. ಗಂಡ ಮುನಿವೆಂಕಟಪ್ಪನೂ ಅದನ್ನೇ ಹೇಳಿದ: "ಕೂಸು ಉಳ್ಕಂಡಿದ್ದೇ ದೊಡ್ದು ಕಣೆ. ಇನ್ ಸ್ಕೂಲೂ ಬ್ಯಾಡ, ಗೀಲೂ ಬ್ಯಾಡ."

"ದಾರಿ ಕೆಟ್ಟದಾದ್ರೆ ದಾರೀನ ಸರಿ ಮಾಡ್ಬೇಕು," ಎಂದಳು ಅಮ್ಮಯಮ್ಮ. "ಮಕ್ಕಳ್ನ ಯಾಕೆ ಮೂಲೇಲಿ ಕೂರಿಸ್ಬೇಕು?"

ಮರುದಿನ ಅವಳು ಪಾಪಯ್ಯನನ್ನು ಹಿಡಿದಳು. "ಪಾಪಯ್ಯಣ್ಣ, ಈ ದಾರೀಲಿ ಎಲ್ಲೆಲ್ಲಿ ನಿನ್ ಎದೆ ಡವಗುಟ್ಟುತ್ತೆ, ನಂಗ್ ತೋರ್ಸು."

ಅಂಥ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಅವಳನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡು ತೋರಿಸುತ್ತ ಹೋದ. ಹುರುಳಿ ಬಳ್ಳಿ, ಬಾವಿಯ ತಿರುವು, ಕಿಟಕಿಗೆ ಬಡಿಯುವ ಆಲದ ಕೊಂಬೆ, ಕೊನೆಗೆ ಕೆರೆಯ ಕೋಡಿ ಹರಿಯುವ ಜಾಗ. "ಮಳೆಗಾಲದಾಗೆ ಇಲ್ಲಿ ರಸ್ತೆ ಎಲ್ಲಿ, ಗುಂಡಿ ಎಲ್ಲಿ ಗೊತ್ತಾಗಾಕಿಲ್ಲ ಕಣಕ್ಕ. ದೇವ್ರ ಮೇಲೆ ಭಾರ ಹಾಕಿ ನುಗ್ಗಿಸ್ತೀನಿ."

"ದೇವ್ರಿಗೆ ಅಷ್ಟೊಂದ್ ಭಾರ ಹೊರಿಸ್ಬ್ಯಾಡ," ಎಂದಳು.

ಹುರುಳಿ ಹರಡುವವರ ಮನೆಗಳಿಗೆ ಹೋಗಿ ಬಾಗಿಲಲ್ಲೇ ಕೇಳಿದಳು: "ಮಕ್ಕಳ ಕಾಲ್ಕೆಳಗೆ ಬೆಂಕಿ ಬಿತ್ತಲ್ಲ, ಆ ಹುರುಳಿ ಸಾರು ಗಂಟಲಲ್ಲಿ ಇಳೀತದಾ? ನಮ್ ಕಣ ಐತೆ, ಬಂದು ಬಡ್ಕೊಳ್ಳಿ." ಜನ ಬಂದರು. ಇನ್ನು ಮೇಲೆ ಊರಾಚೆಯ ನೀರಿನ ಕುಂಟೆಯ ಬಳಿ ಮಾತ್ರ ಒಲೆಯ ಕೆಂಡ ಕೆದರಿ, ಉದುರಿದ್ದಕ್ಕೆ ನೀರು ಹುಯ್ಯುತ್ತೇನೆಂದು ಪಾಪಯ್ಯ ಒಪ್ಪಿದ. ಗೊಣಗುತ್ತಿದ್ದ ಮುನಿವೆಂಕಟಪ್ಪನೇ ಕೊಡಲಿ ಹಿಡಿದು ಆಲದ ಮರ ಹತ್ತಿದ.

ಬಗ್ಗದೆ ಉಳಿದದ್ದು ಬಾವಿ. ಅದು ಅವಳ ಭಾವ, ಗಂಡನ ಅಣ್ಣ ವೆಂಕಟರಾಯಪ್ಪನದು. ಊರಿಗೇ ಹಿರಿಯ, ಹಠಮಾರಿ. ಅಮ್ಮಯಮ್ಮ ಅದುವರೆಗೆ ಬಾಗಿಲ ಮರೆಯಿಂದಲ್ಲದೆ ಅವನ ಜೊತೆ ಮಾತಾಡಿದವಳಲ್ಲ. ಅಂದು ಎದುರಿಗೇ ನಿಂತು ಕೇಳಿದಳು.

"ಬಾವಿ ನಮ್ ತಾತ ತೋಡ್ಸಿದ್ದು. ರಸ್ತೆ ಆಮೇಲ್ ಬಂತು," ಎಂದ ಅವನು. "ಕಟ್ಟೆ ಬೇಕಿದ್ರೆ ರಸ್ತೆಯೋರು ಕಟ್ಕೊಳ್ಳಿ."

ಅವಳು ವಾದಿಸಲಿಲ್ಲ. "ಆಗ್ಲಿ ಭಾವ. ನಾಳೆ ಸಂತೆಗೆ ಗಾಡಿ ಕಟ್ಟಬ್ಯಾಡಿ, ಬಸ್ಸಲ್ಲಿ ಬನ್ನಿ."

ವೆಂಕಟರಾಯಪ್ಪ ಅದುವರೆಗೆ ಬಸ್ಸು ಹತ್ತಿದವನಲ್ಲ, ಒಳಗೊಳಗೇ ಆಸೆಯಿತ್ತು. ಪೇಟ ಸುತ್ತಿಕೊಂಡು ಬಂದ. ಅಮ್ಮಯಮ್ಮ ಅವನನ್ನು ಎಡಬದಿಯ ಕಿಟಕಿಗೆ, ಮಕ್ಕಳ ನಡುವೆ ಕೂರಿಸಿದಳು. ಬಸ್ಸು ತಿರುವಿಗೆ ಬಂದು ವಾಲಿತು. ಪಕ್ಕದ ಹುಡುಗಿಯೊಬ್ಬಳು ಜಾರಿ ಅವನ ತೊಡೆಯ ಮೇಲೆ ಬಿದ್ದಳು. ಅವಳನ್ನು ತಬ್ಬಿ ಹಿಡಿದು ಕೆಳಗೆ ನೋಡುತ್ತಾನೆ, ಕಿಟಕಿಯಡಿ ರಸ್ತೆಯೇ ಇಲ್ಲ. ಹಸಿರುಗಟ್ಟಿದ ನೀರು!

"ನಿಲ್ಸೋ! ನಿಲ್ಸೋ ಪಾಪಯ್ಯ!"

ಇಳಿದು ಬಾವಿಯಂಚಿಗೆ ಹೋಗಿ ಬಗ್ಗಿ ನೋಡಿದ. ತಮ್ಮನ ಹೆಂಡತಿಯ ಕಡೆ ತಿರುಗದೆಯೇ ಹೇಳಿದ: "ಹುಟ್ಟಿದಾಗಿಂದ ಈ ಬಾವೀನ ಎತ್ತು ಕಟ್ಟಿ ನೀರೆತ್ತೋ ಕಪಿಲೆ ಕಡೆಯಿಂದ್ಲೇ ನೋಡ್ತಿದ್ದೆ ಕಣಮ್ಮ. ಈ ಕಡೆಯಿಂದ ನೋಡಿರ್ನಿಲ್ಲ."

ಅವನು ಸಂತೆಗೆ ಹೋಗಲಿಲ್ಲ. ತನ್ನ ಹೊಲದ ಕಲ್ಲನ್ನೇ ಗಾಡಿಯಲ್ಲಿ ಹೇರಿಸಿ, ತಾನೇ ಮುಂದೆ ನಿಂತು ಎದೆಮಟ್ಟದ ಗೋಡೆ ಕಟ್ಟಿಸಿದ. ಅಷ್ಟಕ್ಕೇ ಸುಮ್ಮನಾಗದೆ ಕೋಡಿಯ ದಾರಿಯ ಎರಡೂ ಬದಿಗೆ ಉದ್ದನೆಯ ಕಲ್ಲು ನೆಡಿಸಿ, ಸುಣ್ಣ ಹೊಡೆಸಿ, ಮೊಣಕಾಲಿಗಿಂತ ಎಷ್ಟೋ ಕೆಳಗೆ ಕೆಮ್ಮಣ್ಣಿನ ಪಟ್ಟೆ ಬಳಿಸಿದ. ನೀರು ಪಟ್ಟೆ ಮುಟ್ಟಿದರೆ ಆ ದಿನ ಬಸ್ಸು ದಾಟುವಂತಿಲ್ಲ.

ಆ ವರ್ಷ ಮಳೆ ಚೆನ್ನಾಗಿ ಹುಯ್ದು ಕೆರೆ ಕೋಡಿ ಬಿತ್ತು. ಒಂದೆರಡು ದಿನ ಪಟ್ಟೆ ಮುಳುಗಿತು. ಮಕ್ಕಳು ಮನೆಯಲ್ಲೇ ಉಳಿದರು. ಮಾರನೆಯ ಬೆಳಿಗ್ಗೆ ಊರೆಲ್ಲ ಕೋಡಿಯ ಬಳಿ ಸೇರಿತ್ತು. ವೆಂಕಟರಾಯಪ್ಪ ಪಂಚೆ ಮೇಲೆತ್ತಿ ಕೋಲು ಹಿಡಿದು ನೀರಿಗಿಳಿದು ನೋಡಿದ. "ಪಟ್ಟೆ ಕಾಣ್ತೈತೆ! ಬಿಡೋ ಬಸ್ಸು!"

ಬಿಳಿ ಕಲ್ಲುಗಳ ನಡುವೆ, ಎರಡೂ ಕಡೆ ನೀರು ಚಿಮ್ಮಿಸುತ್ತ, ಇದ್ದಿಲ ಬಸ್ಸು ನಿಧಾನವಾಗಿ ಸಾಗಿ ಆಚೆ ದಡ ಹತ್ತಿತು. ಪಾಪಯ್ಯ ಹಾರನ್ ಒತ್ತಿದವನು ಬಿಡಲೇ ಇಲ್ಲ. ಮಕ್ಕಳು ಕಿಟಕಿಯಲ್ಲಿ ಕೇಕೆ ಹಾಕಿದರು. ಬೇಡವೆಂದು ಬಿಡಿಸಿದ್ದ ಹೆಣ್ಣುಮಕ್ಕಳೆಲ್ಲ ಆ ಬಸ್ಸಿನಲ್ಲಿದ್ದರು. ಅಮ್ಮಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಯಾರಾದರೂ ನೋಡಿಯಾರೆಂದು ಮಳೆಯನ್ನು ಬೈದಳು.

ಸುದ್ದಿ ಹಬ್ಬಿತು. ಪಕ್ಕದೂರಿನ ಇಬ್ಬರು ಹಿರಿಯರು ಅವಳನ್ನು ಹುಡುಕಿಕೊಂಡು ಬಂದರು. "ನಮ್ಮೂರ ದಾರೀನೂ ಒಂದ್ಸಲ ಬಂದು ನೋಡ್ಬೇಕು ಕಣಮ್ಮ."

ಅಮ್ಮಯಮ್ಮ ಅವರಿಗೆ ಮಜ್ಜಿಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಹೊರಟೇಬಿಟ್ಟಳು. "ಅದಿರ್ಲಿ, ನಿಮ್ಮೂರಲ್ಲಿ ಎಲ್ರಿಗಿಂತ ಹಠಮಾರಿ ಯಾರು, ಮೊದ್ಲು ಅದ್ ಹೇಳಿ."